ಫೋನಿನ ಚಿಪ್, ಫೋನಿನ ಬ್ಯಾಟರಿ

"ಅಕ್ಕಾ, ನಿನ್ನ ಫೋನು ಸಂಜೀತನಕ ಬರ್ತದ. ನಂದು ಮಧ್ಯಾಹ್ನಕ್ಕೇ ಬಂದ್. ಎರಡೂ ಒಂದೇ ತರದ ಫೋನು! ಅಂಗಡಿಯವ ಮೋಸ ಮಾಡ್ಯಾನೇನು?"

ಮಲ್ಲಟದಲ್ಲಿ ನಾವು ಪಾಠಕ್ಕೆ ಕೂತಾಗ ಈ ಮಾತು ಬಂತು.

ಫೋನಿನ ಒಳಗೆ ಚಿಪ್ ಇದೆ. ಉಗುರಿನಷ್ಟು ಸಣ್ಣದು. ಅದು ದುಡಿದಷ್ಟೂ ಬ್ಯಾಟರಿ ಖರ್ಚು. ಒಂದೇ ತರದ ಫೋನಿಗೆ ಎರಡು ಕಂಪನಿಯ ಚಿಪ್ ಬರುವುದುಂಟು. 2015ರಲ್ಲಿ ಐಫೋನ್ 6ಎಸ್‌ಗೆ ಹಾಗೇ ಆಯಿತು. ಕೆಲವಕ್ಕೆ ಸ್ಯಾಮ್ಸಂಗ್ ಮಾಡಿದ ಚಿಪ್, ಕೆಲವಕ್ಕೆ ತೈವಾನಿನ ಟಿಎಸ್‌ಎಂಸಿ ಮಾಡಿದ್ದು. ಕೊಂಡವರು ತಕರಾರು ಎತ್ತಿದರು. ವ್ಯತ್ಯಾಸ ನೂರಕ್ಕೆ 2-3 ಮಾತ್ರ ಎಂದಿತು ಆಪಲ್ ಕಂಪನಿ. ಅಂದರೆ 10 ಗಂಟೆಗೆ 12ರಿಂದ 18 ನಿಮಿಷ.

ಅಷ್ಟಕ್ಕೇ ಮಧ್ಯಾಹ್ನಕ್ಕೆ ಫೋನು ಬಂದ್ ಆಗದು. ತಂಗಿಯ ಫೋನಿನಲ್ಲಿ ಮಕ್ಕಳು ವಿಡಿಯೋ ನೋಡ್ತಾರೆ. ಹೊಲದಲ್ಲಿ ಸಿಗ್ನಲ್ ಕಡಿಮೆ, ಅಲ್ಲೂ ಬ್ಯಾಟರಿ ಇಳಿಯುತ್ತದೆ.

ಸೆಟ್ಟಿಂಗ್ಸ್ ತೆರೆದು 'ಬ್ಯಾಟರಿ' ಎಂಬ ಪದ ಹುಡುಕೋಣ. ಯಾವುದಕ್ಕೆ ಎಷ್ಟು ಖರ್ಚಾಗಿದೆ, ಅಲ್ಲಿ ಬರೆದಿರುತ್ತದೆ.