ಸುತ್ತು ಬೀಳದ ತಾರೀಖುಗಳು

ಹಾನಗಲ್ಲಿನ ನಮ್ಮ ಮನೆಯ ಹಿತ್ತಲಿಗೆ ಹೊಂದಿಕೊಂಡು ಎರಡು ಕೋಣೆಗಳಿವೆ. ಅಪ್ಪ ತೀರಿಕೊಂಡ ಮೇಲೆ ಅವ್ವನ ಗುಳಿಗೆ, ಮನೆಪಟ್ಟಿ, ಕರೆಂಟು ಬಿಲ್ಲು ಎಲ್ಲ ನಡೆದದ್ದು ಅವುಗಳ ತಲಾ 2,500 ರೂಪಾಯಿ ಬಾಡಿಗೆಯ ಮೇಲೆ. ಬಾಡಿಗೆ ಕೈಗೆ ಬಂದ ದಿನ ಅವ್ವ ಕ್ಯಾಲೆಂಡರಿನ ಆ ತಾರೀಖಿಗೆ ಕೆಂಪು ಪೆನ್ನಿನ ಸುತ್ತು ಹಾಕುತ್ತಿದ್ದಳು. 2020ರ ಏಪ್ರಿಲ್, ಮೇ, ಜೂನ್ ಹಾಳೆಗಳಲ್ಲಿ ಒಂದೂ ಸುತ್ತಿಲ್ಲ.

ಒಂದು ಕೋಣೆಯಲ್ಲಿ ಪೇಂಟರ್, ಇನ್ನೊಂದರಲ್ಲಿ ತಿಂಡಿ ಗಾಡಿಯವ. ಕೊರೊನಾ ಲಾಕ್‌ಡೌನಿನಲ್ಲಿ ಇಬ್ಬರ ದುಡಿಮೆಯೂ ನಿಂತಿತ್ತು. ಕೂಲಿಕಾರರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಮನೆ ಬಿಡಿಸಿದರೆ ಕ್ರಮ ಎಂದು ಆ ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತ್ತು. ಸರಿಯಾದ ಆದೇಶವೇ. ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ನಡೆದವರನ್ನು ಕಂಡ ಯಾರೂ ಅದನ್ನು ತಪ್ಪೆನ್ನಲಾರರು. ಆದರೆ ಆ ಬಾಡಿಗೆಯ ಭಾರ ಸರಕಾರ ಹೊರಲಿಲ್ಲ, ಅವ್ವ ಹೊತ್ತಳು. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲೂ ನಾನು ಬಲ್ಲ ಮನೆ ಮಾಲೀಕರು ಇಂಥವರೇ: ನಿವೃತ್ತಿಯ ದುಡ್ಡಿನಲ್ಲಿ ಮೇಲೊಂದು ಮನೆ ಎತ್ತಿದ ಮೇಷ್ಟ್ರು, ಗಂಡನಿಲ್ಲದ ಹೆಣ್ಣುಮಕ್ಕಳು.

ಪೇಂಟರ್ ದಸರೆಯಿಂದ ಮುನ್ನೂರು, ಐನೂರು ಎಂದು ಬಾಕಿಯೆಲ್ಲ ತೀರಿಸಿದ. ಇನ್ನೊಬ್ಬ ದುಡಿಮೆ ಶುರುವಾದ ಮೇಲೂ ಕೊಡಲಿಲ್ಲ, ಬಿಡಲೂ ಇಲ್ಲ. ಕರಾರು ಪತ್ರವನ್ನೇ ನಾವು ಮಾಡಿಸಿರಲಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ತಿಂಗಳ ಬಾಡಿಗೆದಾರನಿಗೆ 15 ದಿನದ ನೋಟಿಸು ಸಾಕು, ಆಮೇಲೂ ಕದಲದಿದ್ದರೆ ದಾವೆ ಹೂಡಬೇಕು ಎಂದರು ವಕೀಲರು. “ಕೋರ್ಟಿಗೆ ಸುರಿಯೋ ರೊಕ್ಕದಾಗ ನನ್ನ ಗುಳಗಿ ಬರ್ತಾವು, ಬಿಡು” ಎಂದಳು ಅವ್ವ. ಅವನು ಹೋಗುವಾಗ 14 ತಿಂಗಳ ಬಾಕಿ, 35,000 ರೂಪಾಯಿ. ನಮ್ಮ ಕೈಲಿದ್ದ ಅಡ್ವಾನ್ಸು 5,000.

2021ರ ಮಾದರಿ ಬಾಡಿಗೆ ಕಾಯ್ದೆ, ಅವಧಿ ಮುಗಿದರೂ ಮನೆ ಬಿಡದವನಿಗೆ ಮೊದಲೆರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಹಾಕುತ್ತದೆ. 2,500 ಕೊಡದವನು 10,000 ಎಲ್ಲಿಂದ ತಂದಾನು? ಅದೇ ಕಾಯ್ದೆ ಹೇಳುವ ಪ್ರತ್ಯೇಕ ಬಾಡಿಗೆ ನ್ಯಾಯಾಲಯವೇ ನನಗೆ ಮುಖ್ಯ. ಬಿಡಿಸಲು ಮಿತಿ ಇರಲಿ, ಬೇಗ ತೀರ್ಪೂ ಬರಲಿ.

ಈಗ ಪೇಂಟರ್ ಜೊತೆಗೂ 11 ತಿಂಗಳ ಕರಾರು ಪತ್ರವಿದೆ. ವರ್ಷದ ಬಾಡಿಗೆಯನ್ನು ಹತ್ತೇ ತಿಂಗಳೆಂದು ಲೆಕ್ಕ ಹಿಡಿದು, ಉಳಿದೆರಡು ತಿಂಗಳದ್ದನ್ನು ಅವ್ವನ ಹೆಸರಿನ ಅಂಚೆ ಆರ್‌ಡಿಗೆ ಕಟ್ಟುತ್ತೇನೆ.

ಗಾಡಿಯವ ಬಿಟ್ಟ ಕೋಣೆಗೆ ಅವ್ವ ಎರಡು ವರ್ಷ ಬೀಗ ಹಾಕಿದಳು. ಕೈತಪ್ಪಿದ್ದು 60,000 ರೂಪಾಯಿ, ಮುಳುಗಿದ ಬಾಕಿಗಿಂತ ಹೆಚ್ಚು. ವರ್ಗವಾಗಿ ಬಂದ ನರ್ಸ್ ಒಬ್ಬಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಎರಡು ಸಲ ಬಂದು ಕೇಳಿದ್ದಳು. ಅವ್ವ ಇಬ್ಬರಿಗೂ ಚಹಾ, ಬಿಸ್ಕೀಟು ಕೊಟ್ಟು ಕಳಿಸಿದಳು. ಬೀಗ ಮಾತ್ರ ತೆಗೆಯಲಿಲ್ಲ.