ಮೀನು ಸತ್ತಿತು, ಆದರೆ ಯಾಕೆ?

ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ ಮೀನು ಬಿಟ್ಟು ವಿಷ ಪರೀಕ್ಷಿಸುವ ಕೆಲಸಕ್ಕೆ ಸೇರಿದಾಗ, ಇದು ಬರೀ ಎಣಿಕೆಯ ಕೆಲಸ ಅಂದುಕೊಂಡಿದ್ದೆ. 1986ರ ಪರಿಸರ (ಸಂರಕ್ಷಣೆ) ನಿಯಮಗಳಲ್ಲಿ ಇದರ ಬಗ್ಗೆ ಇರುವುದು ಒಂದೇ ಸಾಲು: ಸಂಸ್ಕರಿಸಿದ ನೀರಿಗೆ ಬೇರೇನೂ ಬೆರೆಸದೆ ಮೀನು ಬಿಟ್ಟರೆ, 96 ಗಂಟೆಗಳ ನಂತರ ಶೇ 90ರಷ್ಟು ಬದುಕಿರಬೇಕು. ಯಾಕೆ ಸತ್ತಿತು ಎಂದು ಕೇಳದೆ ಬರೀ ಎಣಿಸಿದರೆ ಆ ಜೀವ ಹೋದದ್ದು ವ್ಯರ್ಥ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಈ ಪಾಠಗಳು ನೆರವಾದಾವು.

1. ಮೊದಲು ಕಂಟ್ರೋಲ್ ತೊಟ್ಟಿ ನೋಡಿ.
ತ್ಯಾಜ್ಯವೇ ಇಲ್ಲದ ಕಂಟ್ರೋಲ್ ತೊಟ್ಟಿಯಲ್ಲೂ ಮೀನು ಸಾಯತೊಡಗಿದಾಗ, ಮೀನು ತಂದುಕೊಟ್ಟವರನ್ನು ದೂರಿದೆ. ತಪ್ಪು ನನ್ನದಾಗಿತ್ತು: ನಲ್ಲಿ ನೀರಿನ ಕ್ಲೋರಿನ್ ತೆಗೆದಿರಲಿಲ್ಲ. ನಾವು ಕುಡಿಯುವ ನೀರಿನಲ್ಲಿರುವಷ್ಟು ಕ್ಲೋರಿನ್ ಮೀನಿನ ಕಿವಿರುಗಳನ್ನು ಹಾಳುಮಾಡಲು ಸಾಕು. ಕಂಟ್ರೋಲ್‌ನಲ್ಲಿ ಶೇ 10ಕ್ಕಿಂತ ಹೆಚ್ಚು ಸಾವಾದರೆ ಇಡೀ ಪರೀಕ್ಷೆಯನ್ನೇ ಕೈಬಿಡಬೇಕು. ಅಂಥ ಫಲಿತಾಂಶದ ಮೇಲೆ ಯಾರನ್ನೂ ತಪ್ಪಿತಸ್ಥರೆನ್ನುವ ಹಕ್ಕು ನಮಗಿಲ್ಲ.

2. ಉಸಿರುಗಟ್ಟಿದ್ದು ಬೇರೆ, ವಿಷವೇರಿದ್ದು ಬೇರೆ.
ತ್ಯಾಜ್ಯದಲ್ಲಿ ಉಳಿದ ಸಾವಯವ ವಸ್ತುವನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೂ ಬರಿದುಮಾಡುತ್ತವೆ. ಬೆಳಿಗ್ಗೆ ಸತ್ತ ಮೀನುಗಳನ್ನು ಕಂಡು 'ವಿಷಕಾರಿ' ಎಂದು ಬರೆದುಬಿಡುತ್ತಿದ್ದೆ. ಆಮ್ಲಜನಕ ಅಳೆಯುವ ಅಭ್ಯಾಸ ಬಂದ ಮೇಲೆ, ಹಿಂದೆ ಬರೆದ ಎಷ್ಟು ವರದಿಗಳು ಹೀಗೆ ತಪ್ಪಾಗಿದ್ದವೋ ಎಂಬ ಚಿಂತೆ ಹತ್ತಿತು. ಪರೀಕ್ಷೆಯುದ್ದಕ್ಕೂ ಆಮ್ಲಜನಕ ಸಂತೃಪ್ತ ಮಟ್ಟದ ಶೇ 60ಕ್ಕಿಂತ ಕೆಳಗಿಳಿಯಬಾರದು.

3. ಅಂಕಿಗಳೆಲ್ಲ ಮಿತಿಯೊಳಗಿದ್ದರೂ ಮೀನು ಸಾಯಬಹುದು.
ಲೀಟರಿಗೆ 50 ಮಿಲಿಗ್ರಾಂವರೆಗೆ ಅಮೋನಿಯಾ ಸಾರಜನಕಕ್ಕೆ ನಮ್ಮ ಸಾಮಾನ್ಯ ಮಾನದಂಡದಲ್ಲಿ ಅವಕಾಶವಿದೆ. ಪಿಎಚ್ 9ರವರೆಗೆ ಇರಬಹುದು. ಆದರೆ ಮೀನನ್ನು ಕೊಲ್ಲುವುದು ಮುಖ್ಯವಾಗಿ ಮುಕ್ತ ಅಮೋನಿಯಾ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಅದರ ಪಾಲು ಶೇ 1ಕ್ಕಿಂತ ಕಡಿಮೆ, 8.5 ಆದಾಗ ಶೇ 15ರಷ್ಟು. ಎರಡನೇ ಪಾಠ ಕಲಿತ ಹುರುಪಿನಲ್ಲಿ ನಾನು ಜೋರಾಗಿ ಗಾಳಿ ಊದಿಸಿದೆ. ನೀರಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರಿತು, ಮೀನುಗಳು ಸತ್ತವು. ಅಂದಿನಿಂದ ಗಾಳಿ ಬಿಡುವಾಗಲೆಲ್ಲ ಪಿಎಚ್ ನೋಡುತ್ತೇನೆ.

4. ಒಂದೇ ಜೀವಿಯನ್ನು ನಂಬಿ ಕೂರಬೇಡಿ.
ಲೋಹಲೇಪನ ಘಟಕವೊಂದರ ನೀರಿನಲ್ಲಿ ಮೀನುಗಳು ಚೆನ್ನಾಗಿಯೇ ಇದ್ದವು. ಪಾಸು ಎಂದು ಬರೆದೆ. ಆಮೇಲೆ ಅದೇ ನೀರಿನಲ್ಲಿ ಡಾಫ್ನಿಯಾ ಎಂಬ ಸಣ್ಣ ನೀರಜೀವಿಗಳು 48 ಗಂಟೆಯೊಳಗೆ ಈಜು ನಿಲ್ಲಿಸಿದವು. ಹಲವು ಲೋಹಗಳ ವಿಷಯದಲ್ಲಿ ಅವು ಮೀನಿಗಿಂತ ಸೂಕ್ಷ್ಮ. ಕಳೆನಾಶಕವಿದ್ದರೆ ಇವೆರಡಕ್ಕಿಂತ ಮೊದಲು ಸೊರಗುವುದು ಪಾಚಿ. ಡಾಫ್ನಿಯಾ ಮರಿಗಳ ವಯಸ್ಸು 24 ಗಂಟೆ ದಾಟಿರಬಾರದು. ಆಗಾಗ ಪೊಟ್ಯಾಸಿಯಂ ಡೈಕ್ರೋಮೇಟಿನಿಂದ ಅವುಗಳ ಸೂಕ್ಷ್ಮತೆಯನ್ನೂ ಪರೀಕ್ಷಿಸಿಕೊಳ್ಳಬೇಕು.

5. ಎಣಿಕೆ ಮುಗಿದಲ್ಲಿಂದ ಹುಡುಕಾಟ ಶುರು.
ಬಹುಕಾಲ ನಾನು 'ಫೇಲ್' ಎಂದು ಬರೆದು ಕಳಿಸಿ ಸುಮ್ಮನಾಗುತ್ತಿದ್ದೆ. ಸಂಸ್ಕರಣಾ ಘಟಕದ ಆಪರೇಟರ್‌ಗೆ ಆ ಒಂದು ಪದದಿಂದ ಏನೂ ಮಾಡಲಾಗದು. ಈಗ ಅದೇ ನೀರನ್ನು ಪಾಲು ಮಾಡಿ ಮತ್ತೆ ಪರೀಕ್ಷಿಸುತ್ತೇನೆ. ಇಡಿಟಿಎ ಹಾಕಿದಾಗ ಜೀವಿ ಬದುಕಿದರೆ ತಾಮ್ರ, ಸತುವಿನಂಥ ಲೋಹಗಳ ಮೇಲೆ ಅನುಮಾನ. ಥಯೋಸಲ್ಫೇಟ್ ಹಾಕಿದಾಗ ಬದುಕಿದರೆ ಕ್ಲೋರಿನ್ ಮೇಲೆ. ಸಕ್ರಿಯ ಇದ್ದಿಲಿನಲ್ಲಿ ಸೋಸಿದಾಗ ಬದುಕಿದರೆ ಸಾವಯವ ರಾಸಾಯನಿಕಗಳ ಮೇಲೆ. ಇದು ಪೂರ್ಣ ಉತ್ತರವಲ್ಲ, ಆದರೆ ಘಟಕದ ಯಾವ ತೊಟ್ಟಿಯ ಬಳಿ ಹೋಗಿ ಹುಡುಕಬೇಕೆಂದು ತಿಳಿಯುತ್ತದೆ. ಈ ಸುತ್ತಿಗೆ ಮೀನು ಬೇಕಿಲ್ಲ, ಡಾಫ್ನಿಯಾ ಸಾಕು. ವರದಿಯಲ್ಲಿ ಫಲಿತಾಂಶದ ಕೆಳಗೆ ಕಾರಣಕ್ಕೂ ಒಂದು ಸಾಲು ಬಿಡಿ. ಕೆರೆಗೆ ಹೋಗುವ ನೀರನ್ನು ಸರಿಪಡಿಸಲು ಆಪರೇಟರ್‌ಗೆ ಬೇಕಾದದ್ದು ಆ ಸಾಲು.