ಕಾಲಿಲ್ಲದ ಉಭಯಚರಗಳ ಉಸಿರಾಟ

ಮಲೆನಾಡಿನ ತೋಟಗಳಲ್ಲಿ ಮಳೆಗಾಲದಲ್ಲಿ ಮಣ್ಣನ್ನು ಅಗೆಯುವಾಗ, ಹಾವಿನಂತೆ ನೀಳವಾಗಿ, ಎರೆಹುಳುವಿನಂತೆ ಮೈಮೇಲೆ ಉಂಗುರಗಳುಳ್ಳ ಒಂದು ಪ್ರಾಣಿಯು ಕಾಣಬರುವುದುಂಟು. ಇದು ಹಾವೂ ಅಲ್ಲ, ಹುಳುವೂ ಅಲ್ಲ; ಕಪ್ಪೆಯ ವರ್ಗಕ್ಕೆ ಸೇರಿದ, ಸಿಸಿಲಿಯನ್ ಎಂಬ ಕಾಲಿಲ್ಲದ ಉಭಯಚರ.

ಈ ಪ್ರಾಣಿಯು ಎರಡು ವಿಧವಾಗಿ ಉಸಿರಾಡುತ್ತದೆ. ಬಾಯಿಯ ತಳವನ್ನು ಏರಿಳಿಸಿ ಗಾಳಿಯನ್ನು ಶ್ವಾಸಕೋಶಕ್ಕೆ ತಳ್ಳುವುದು ಮೊದಲನೆಯದು. ನೀಳವಾದ ಮೈಗೆ ತಕ್ಕಂತೆ ಬಲಗಡೆಯ ಶ್ವಾಸಕೋಶವು ಉದ್ದವಾಗಿಯೂ, ಎಡಗಡೆಯದು ಸಾಮಾನ್ಯವಾಗಿ ಚಿಕ್ಕದಾಗಿಯೂ ಇರುತ್ತದೆ. ಎರಡನೆಯದು ಚರ್ಮದ ಉಸಿರಾಟ. ಚರ್ಮದ ಗ್ರಂಥಿಗಳಿಂದ ಲೋಳೆಯು ಒಸರಿ ಮೈಯನ್ನು ತೇವವಾಗಿಡುವುದು. ಆ ತೇವದಲ್ಲಿ ಕರಗಿದ ಆಮ್ಲಜನಕವು ಚರ್ಮದೊಳಗಿನ ಸೂಕ್ಷ್ಮ ರಕ್ತನಾಳಗಳನ್ನು ಸೇರುತ್ತದೆ. ಇಂಗಾಲಾಮ್ಲವಾಯುವು ಅದೇ ಮಾರ್ಗವಾಗಿ ಹೊರಬೀಳುತ್ತದೆ. ಚರ್ಮವು ಒಣಗಿದರೆ ಈ ಉಸಿರಾಟಕ್ಕೆ ಅವಕಾಶವಿಲ್ಲ.

ಆದಕಾರಣ ತೇವವುಳ್ಳ ಸಡಿಲ ಮಣ್ಣೇ ಇದಕ್ಕೆ ಆಶ್ರಯ. ತೋಟದ ತರಗೆಲೆಯ ಹೊದಿಕೆಯನ್ನು ಪೂರಾ ಗುಡಿಸಿ ಸುಡಬಾರದು. ಇಂಥ ಚರ್ಮದ ಮೂಲಕ ವಿಷವೂ ಒಳಹೋಗಬಲ್ಲದಾದ್ದರಿಂದ ಕ್ರಿಮಿನಾಶಕಗಳನ್ನು ಅವಶ್ಯಕತೆಗೆ ಮೀರಿ ಮಣ್ಣಿಗೆ ಹಾಕಕೂಡದು. ಎರೆಹುಳುಗಳೊಡನೆ ಗೆದ್ದಲನ್ನೂ ಮಣ್ಣಿನ ಕೀಟಗಳ ಮರಿಗಳನ್ನೂ ತಿಂದು ಬದುಕುವ ಈ ಪ್ರಾಣಿಯನ್ನು ಹಾವೆಂದು ಭ್ರಮಿಸಿ ಕೊಲ್ಲದಂತೆ ಗ್ರಾಮದ ಮುಖಂಡರು ಆಳುಗಳಿಗೆ ತಿಳಿಯಹೇಳತಕ್ಕದ್ದು. ಅಗೆಯುವಾಗ ಸಿಕ್ಕಿದ್ದನ್ನು ಬಿಸಿಲಿನಲ್ಲಿ ಬಿಡದೆ, ಒದ್ದೆ ಮಣ್ಣಿನಿಂದ ಮುಚ್ಚಿಬಿಟ್ಟರೆ ಸಾಕು.